ವಿಮಾನಾಪಘಾತವೂ ವಿಚಾರಣೆಯೂ

ಬೆಂಗಳೂರಿನಿಂದ ಮೈಸೂರಿಗೆ ಹಳೆಯ ಹೆದ್ದಾರಿಯಲ್ಲಿ ಬರುವವರೆಲ್ಲರೂ ಬಿಡದಿಯನ್ನು ಬಲ್ಲರು. ಅಲ್ಲಿಯ ತಟ್ಟೆ ಇಡ್ಲಿಗಾಗಿ ಬಂಡಿಯನ್ನು ನಿಲ್ಲಿಸದವರು ಕಡಿಮೆ. ಆದರೆ ಆ ಊರಿಗೆ ಸಮೀಪದ ಶೇಷಗಿರಿಹಳ್ಳಿಯ ಬಯಲಿನಲ್ಲಿ 2009ನೆಯ ಇಸವಿ ಮಾರ್ಚ್ 6ರ ಮಧ್ಯಾಹ್ನ ನಡೆದುದನ್ನು ನೆನಪಿನಲ್ಲಿ ಇಟ್ಟುಕೊಂಡವರು ಬಹಳ ಮಂದಿ ಇರಲಾರರು. ಅಂದು ಬೆಂಗಳೂರಿನ ಹೆಚ್‌.ಎ.ಎಲ್‌. ನಿಲ್ದಾಣದಿಂದ ಪರೀಕ್ಷಾರ್ಥವಾಗಿ ಹಾರಿದ ಹಗುರ ವಿಮಾನವೊಂದು ಅಲ್ಲಿ ನೆಲಕ್ಕೆ ಬಿದ್ದು ಉರಿದುಹೋಯಿತು. ಅದರಲ್ಲಿದ್ದ ಮೂವರೂ ತೀರಿಕೊಂಡರು: ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ ಮತ್ತು ಸ್ಕ್ವಾಡ್ರನ್ ಲೀಡರ್ ಇಳಯರಾಜ. ಮೂವರೂ ವಾಯುಪಡೆಯವರು, ಇನ್ನೂ ಯಾರೂ ನೆಚ್ಚಬಾರದ ಹೊಸ ವಿಮಾನವನ್ನು ಮೊದಲು ತಾವು ಹಾರಿಸಿ ನೋಡಿ, ಅದರ ಗುಣದೋಷಗಳನ್ನು ಹೇಳುವುದೇ ಅವರ ಕೆಲಸ.

ಆ ವಿಮಾನದ ಹೆಸರು ಸಾರಸ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ರೂಪಿಸಿದ, ಹದಿನಾಲ್ಕು ಮಂದಿ ಕೂಡಬಹುದಾದ, ಎರಡು ಎಂಜಿನುಗಳ ವಾಹನ ಅದು. ಅದರ ಎಂಜಿನುಗಳು ರೆಕ್ಕೆಗಳ ಮೇಲಿರದೆ ಹಿಂಬದಿಯಲ್ಲಿದ್ದು ವಿಮಾನವನ್ನು ಮುಂದಕ್ಕೆ ತಳ್ಳುವಂಥವು. ಮೊದಲನೆಯ ಮಾದರಿ ಹಾರಿದ್ದು 2004ರ ಮೇ 29ರಂದು. ಬಿದ್ದದ್ದು 2007ರಲ್ಲಿ ಹಾರಾಟ ತೊಡಗಿದ ಎರಡನೆಯ ಮಾದರಿ. ನಮ್ಮ ನಾಡಿಗೆ ಇಂಥ ಸಾಹಸ ಹೊಸದಲ್ಲ. 1940ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರು. ಅಲ್ಲಿಯೇ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಸಿದ್ಧವಾದ ಎಚ್‌.ಟಿ.-2 ಎಂಬ ಪುಟ್ಟ ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಮೊದಲ ಸಲ ಹಾರಿತು. ಮುಂದೆ ನಮ್ಮ ವಾಯುಪಡೆಯ ಎಷ್ಟೋ ತರುಣರು ಹಾರಾಟದ ಓನಾಮವನ್ನು ತಿದ್ದಿದ್ದು ಅದರ ಮೇಲೆಯೇ. ಸಾರಸವು ಆ ವಂಶದ ಕುಡಿ ಎನ್ನಬಹುದು.

ಅಪಘಾತದ ದಿನ ಮಾಡಬೇಕಾಗಿದ್ದ ಪರೀಕ್ಷೆಯನ್ನು ಹೇಳುವುದು ಸುಲಭ, ಮಾಡುವುದು ಕಷ್ಟ. ಆಕಾಶದಲ್ಲಿ ಒಂದು ಎಂಜಿನನ್ನು ಬೇಕೆಂದೇ ನಿಲ್ಲಿಸಿ, ಅದನ್ನು ಅಲ್ಲಿಯೇ ಮತ್ತೆ ಹೊತ್ತಿಸಬೇಕು. ಮುಂದೊಂದು ದಿನ ಪ್ರಯಾಣಿಕರನ್ನು ಹೊತ್ತಾಗ ಎಂಜಿನು ನಿಂತರೆ ಏನು ಮಾಡಬೇಕೆಂಬುದು ಇಂದೇ ತಿಳಿದಿರಬೇಕಲ್ಲವೆ? ಸಮುದ್ರ ಮಟ್ಟದಿಂದ ಸುಮಾರು 9000 ಅಡಿ ಎತ್ತರದಲ್ಲಿ ಎಡಗಡೆಯ ಎಂಜಿನನ್ನು ನಿಲ್ಲಿಸಿದರು. ಬಿಡದಿಯ ನೆಲವೇ ಎರಡೂವರೆ ಸಾವಿರ ಅಡಿಯಷ್ಟು ಎತ್ತರದಲ್ಲಿದೆ. ಆದಕಾರಣ ಅವರ ಕೈಯಲ್ಲಿದ್ದ ನಿಜವಾದ ಎತ್ತರ ಆರೂವರೆ ಸಾವಿರ ಅಡಿ ಮಾತ್ರ. ಎಂಜಿನನ್ನು ಮತ್ತೆ ಹೊತ್ತಿಸುವ ಮೊದಲ ಯತ್ನ ಕೈಗೂಡಲಿಲ್ಲ. ಆಮೇಲೆ ವಿಮಾನ ವೇಗವಾಗಿ ಎತ್ತರವನ್ನು ಕಳೆದುಕೊಂಡು ಹತೋಟಿ ತಪ್ಪಿತು.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದವರು ನಡೆಸಿದ ತನಿಖೆಯ ತೀರ್ಮಾನವನ್ನು ಗಮನಿಸಬೇಕು. ಸುದ್ದಿ ಕೇಳಿದ ಜನ ಸಾಮಾನ್ಯವಾಗಿ ಊಹಿಸುವುದು ಎರಡನ್ನೇ: ಯಂತ್ರ ಕೆಟ್ಟಿತು, ಇಲ್ಲವೆ ಚಾಲಕ ಎಡವಿದ. ತನಿಖೆ ಹೇಳಿದ್ದು ಬೇರೆ. ಎಂಜಿನನ್ನು ಮತ್ತೆ ಹೊತ್ತಿಸಲು ವಿನ್ಯಾಸಕಾರರು ಬರೆದುಕೊಟ್ಟಿದ್ದ ಕ್ರಮವೇ ಸರಿಯಿರಲಿಲ್ಲ. ಅದನ್ನು ಅನುಸರಿಸಿದ್ದು ಸಾಲದಷ್ಟು ಎತ್ತರದಲ್ಲಿ. ಪ್ರೊಪೆಲರನ್ನು ತಯಾರಿಸಿದ ಕಂಪೆನಿಯವರನ್ನು ಕೇಳದೆಯೇ ಆ ಕ್ರಮವನ್ನು ಸಿದ್ಧಪಡಿಸಲಾಗಿತ್ತು. ಇವುಗಳ ಜೊತೆಗೆ ಇನ್ನೊಂದು ಮಾತನ್ನೂ ವರದಿ ಸೇರಿಸಿತು: ಮೊದಲ ಯತ್ನ ವಿಫಲವಾದೊಡನೆ, ವಿಮಾನದಲ್ಲಿದ್ದವರೂ ನೆಲದ ಮೇಲೆ ಕುಳಿತು ಪರೀಕ್ಷೆಯನ್ನು ನಿರ್ದೇಶಿಸುತ್ತಿದ್ದವರೂ ಸೇರಿ ಅಂದಿನ ಪರೀಕ್ಷೆಯನ್ನು ಅಲ್ಲಿಗೇ ಕೈಬಿಡಬೇಕಾಗಿತ್ತು, ಕೈಬಿಡಲಿಲ್ಲ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಲೇಖನದ ವಿಷಯ ಮುಖ್ಯವಾಗಿ ಅದೇ.

ಅದಕ್ಕೆ ಮೊದಲು ತನಿಖೆಯೆಂದರೇನೆಂಬುದನ್ನು ಸ್ವಲ್ಪ ವಿಚಾರ ಮಾಡಬಹುದು. ಕನ್ನಡದಲ್ಲಿ ತನಿಖೆ ಎಂದೊಡನೆ ನಮಗೆ ಪೊಲೀಸಿನವರು ಕಣ್ಣಿಗೆ ಕಟ್ಟುತ್ತಾರೆ. ಅವರ ಹಿಂದೆ ಒಬ್ಬ ಅಪರಾಧಿಯೂ ಇರಲೇಬೇಕು. ವಿಮಾನಾಪಘಾತದ ತನಿಖೆಯ ಧರ್ಮ ಹಾಗಲ್ಲ. 1944ರಲ್ಲಿ ಷಿಕಾಗೊ ನಗರದಲ್ಲಿ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದಕ್ಕೆ 1951ರಲ್ಲಿ ಹದಿಮೂರನೆಯ ಅನುಬಂಧವೆಂಬುದು ಸೇರಿತು. ಇಂಥ ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತವನ್ನು ತಪ್ಪಿಸುವುದು, ತಪ್ಪನ್ನು ಯಾರದಾದರೂ ತಲೆಗೆ ಕಟ್ಟುವುದಲ್ಲ ಎಂಬುದು ಅದರ ತಿರುಳು. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂದು ನಾವು ನಗುತ್ತೇವೆ. ವಿಮಾನಯಾನದವರು ಈ ಗಾದೆಯನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದರು. ಕೆಟ್ಟ ಮೇಲೆ ಬಂದ ಬುದ್ಧಿಯನ್ನು ಮುಂದೆ ಕೆಡಲಿರುವವನಿಗೆ ಮೊದಲೇ ಮುಟ್ಟಿಸಬೇಕು. ಇಷ್ಟೇ ಅದರ ಸೂತ್ರ.

ಇದರ ಬೆಲೆ ಲೋಕಕ್ಕೆ ಚೆನ್ನಾಗಿ ತಿಳಿದದ್ದು ಕಾಮೆಟ್ ಎಂಬ ಇಂಗ್ಲೆಂಡಿನ ಜೆಟ್ ವಿಮಾನದ ಪ್ರಕರಣದಲ್ಲಿ. 1953ರ ಮೇ 2ರಂದು ಕಲ್ಕತ್ತೆಯ ಬಳಿ ಅಂಥದೊಂದು ವಿಮಾನ ಒಡೆದು ಬಿದ್ದು 43 ಮಂದಿ ಸತ್ತರು. ಅಂದು ಬಿರುಗಾಳಿಯ ಕಾರಣವನ್ನು ಹೇಳಲಾಯಿತು. 1954ರಲ್ಲಿ ಇಟಲಿಯ ಕಡಲಿನ ಮೇಲೆ ಇನ್ನೆರಡು ಕಾಮೆಟ್‌ಗಳು ಬಿದ್ದವು. ಆಗ ಒಂದು ವಿಮಾನದ ಒಡಲನ್ನು ದೊಡ್ಡ ನೀರಿನ ತೊಟ್ಟಿಯಲ್ಲಿಳಿಸಿ, ಒತ್ತಡವನ್ನು ಏರಿಸಿ ಇಳಿಸಿ ನೋಡಿದರು. ಲೋಹವೂ ಮನುಷ್ಯನಂತೆ ದಣಿಯುತ್ತದೆ, ದಣಿದು ಬಿರಿಯುತ್ತದೆ ಎಂಬುದು ಸಿದ್ಧವಾಯಿತು. ಲೋಹದ ದಣಿವನ್ನು ತೊಟ್ಟಿಯಲ್ಲಿಟ್ಟು ಅಳೆಯಬಹುದು. ಮನುಷ್ಯರು ಒಬ್ಬರೊಡನೊಬ್ಬರು ನಡೆದುಕೊಳ್ಳುವ ರೀತಿಯಲ್ಲಿ ಬಿರುಕಿದ್ದರೆ ಅದನ್ನು ಅಳೆಯುವುದು ಯಾವ ತೊಟ್ಟಿಯಲ್ಲಿ?

ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ನಡೆದ ಇಳಿದಾಣದ ಅಪಘಾತಗಳು ಕಹಿಯಾದ ಪಾಠವನ್ನು ಹೇಳುತ್ತವೆ. 1990ರ ಫೆಬ್ರವರಿ 14ರ ಮಧ್ಯಾಹ್ನ ಮುಂಬಯಿಯಿಂದ ಹೊರಟ ಇಂಡಿಯನ್ ಏರ್‌ಲೈನ್ಸಿನ 605ನೆಯ ವಿಮಾನ ಬೆಂಗಳೂರಿನ ಹೆಚ್‌.ಎ.ಎಲ್‌. ನಿಲ್ದಾಣದಲ್ಲಿ ಇಳಿಯಬೇಕಾಗಿತ್ತು. ಆಕಾಶ ತಿಳಿಯಾಗಿತ್ತು. ವಿಮಾನ ಹೊಚ್ಚ ಹೊಸ ಏರ್‌ಬಸ್ 320. ಒಳಗೆ 146 ಜನ. ಎಡಗಡೆಯ ಪೀಠದಲ್ಲಿ ಕುಳಿತು ನಡೆಸುತ್ತಿದ್ದವರು ಕ್ಯಾಪ್ಟನ್ ಫರ್ನಾಂಡೀಸ್. ಬಲಗಡೆ ಕುಳಿತು ಅವರ ಕೆಲಸವನ್ನು ಪರೀಕ್ಷಿಸುತ್ತಿದ್ದವರು ಕ್ಯಾಪ್ಟನ್ ಗೋಪುಜಕರ್. ಒಂದು ಗಂಟೆ ಕಳೆದು ಕೆಲವೇ ನಿಮಿಷಗಳಾಗಿದ್ದವು. ವಿಮಾನ ಓಡುದಾರಿಯನ್ನು ಮುಟ್ಟುವುದಕ್ಕೆ ಸುಮಾರು 2300 ಅಡಿ ಮೊದಲೇ ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ಬಿತ್ತು. ಪುಟಿದು ಮತ್ತೆ ಬಿತ್ತು. ಮಣ್ಣಿನ ದಿಬ್ಬಕ್ಕೆ ಬಡಿದು ಹೊತ್ತಿಕೊಂಡಿತು. 92 ಮಂದಿ ಸತ್ತರು. 54 ಮಂದಿ ಉಳಿದರು. ಸತ್ತವರಲ್ಲಿ ಆ ಇಬ್ಬರು ಚಾಲಕರೂ ಸೇರಿದ್ದರು.

ಆದುದೇನು? ಈ ವಿಮಾನದಲ್ಲಿ ಕೆಳಗಿಳಿಯುವುದಕ್ಕೆ ಒಂದಕ್ಕಿಂತ ಹೆಚ್ಚು ಕ್ರಮಗಳಿವೆ. ಒಂದು ಕ್ರಮದಲ್ಲಿ ಯಂತ್ರವೇ ವೇಗವನ್ನು ಕಾಯುತ್ತದೆ. ವೇಗ ತಗ್ಗಿದರೆ ಎಂಜಿನಿಗೆ ತಾನೇ ಬಲ ಕೊಡುತ್ತದೆ. ಇನ್ನೊಂದು ಕ್ರಮದಲ್ಲಿ ಎಂಜಿನುಗಳು ಸುಮ್ಮನೆ ಉರಿಯುತ್ತಿರುತ್ತವೆ, ವಿಮಾನ ಜಾರುಬಂಡೆಯ ಮೇಲೆ ಜಾರಿದಂತೆ ಇಳಿಯುತ್ತದೆ. ಎತ್ತರದಲ್ಲಿರುವಾಗ ಎರಡನೆಯದು ಸರಿಯೆ. ನೆಲದ ಬಳಿಗೆ ಬಂದಾಗ ಅದು ತಕ್ಕುದಲ್ಲ. ಅಂದು ವಿಮಾನ ಕೊನೆಯ ಹಂತದಲ್ಲಿ ಈ ಎರಡನೆಯ ಕ್ರಮದಲ್ಲಿತ್ತು. ಪಕ್ಕಪಕ್ಕದಲ್ಲಿರುವ ಎರಡು ತಿರುಪುಗಳಲ್ಲಿ ಒಂದರ ಬದಲು ಇನ್ನೊಂದನ್ನು ತಿರುಗಿಸಿರಬಹುದೆಂದು ಹಲವರು ಊಹಿಸಿದ್ದಾರೆ. ಇರಬೇಕಾದ ವೇಗ 132 ನಾಟ್‌. ಅದು 106ರವರೆಗೆ ಇಳಿಯಿತು. ‘ನಾನೂರು’, ‘ಮುನ್ನೂರು’, ‘ಇನ್ನೂರು’ ಎಂದು ಉಳಿದ ಅಡಿಗಳನ್ನು ಯಂತ್ರದ ದನಿ ಎಣಿಸಿ ಹೇಳುತ್ತಲೇ ಇತ್ತು. ಎಂಜಿನಿಗೆ ಬಲ ಕೊಟ್ಟಾಗ ಹೊತ್ತು ಮೀರಿತ್ತು. ಸುಮ್ಮನೆ ಉರಿಯುತ್ತಿರುವ ಜೆಟ್ ಎಂಜಿನು ಪೂರ್ಣ ಬಲಕ್ಕೆ ಬರಲು ಕೆಲವು ಸೆಕೆಂಡುಗಳು ಬೇಕು, ಆ ಸೆಕೆಂಡುಗಳು ಅವರಿಗೆ ಉಳಿದಿರಲಿಲ್ಲ.

ವಿಚಾರಣೆಗೆ ನೇಮಕವಾದವರು ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು. ಈ ಎಣಿಕೆಯ ಕರೆಗಳನ್ನು ಕೇಳಿಯೂ ಚಾಲಕರು ಪರಿಸ್ಥಿತಿಯ ಗಂಭೀರತೆಯನ್ನರಿತು ತಕ್ಷಣ ಎಂಜಿನಿಗೆ ಬಲ ಕೊಡದೆ ಹೋದುದೇ ಸಂಭವನೀಯ ಕಾರಣವೆಂದು ಅವರ ವರದಿ ಹೇಳಿತು. ಆದರೆ ಅದೇ ಉಸಿರಿನಲ್ಲಿ, ವಿಮಾನ ಆ ಕ್ರಮಕ್ಕೆ ಹೋದದ್ದೇಕೆಂದು ಗೊತ್ತುಮಾಡಲು ಸಾಧ್ಯವಿಲ್ಲವೆಂದೂ ಒಪ್ಪಿಕೊಂಡಿತು. ನ್ಯಾಯಾಧೀಶರೊಬ್ಬರು ‘ಇದು ತಿಳಿಯದು’ ಎಂದು ಬರೆಯುವುದು ಸಣ್ಣ ಮಾತಲ್ಲ. ಸತ್ತವರು ಬಂದು ಸಾಕ್ಷ್ಯ ನುಡಿಯಲಾರರು. ಅವರ ಮೌನವನ್ನು ತಪ್ಪೊಪ್ಪಿಗೆಯೆಂದು ತಿಳಿಯದಿರುವುದು ವಿಚಾರಣೆಯ ಮರ್ಯಾದೆ. ಎರಡು ವರ್ಷಗಳ ತರುವಾಯ, 1992ರ ಜನವರಿ 20ರಂದು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಇದೇ ಜಾತಿಯ ವಿಮಾನ ಬೆಟ್ಟಕ್ಕೆ ಬಡಿದು 87 ಮಂದಿ ಸತ್ತರು. ಅಲ್ಲಿಯೂ ಇಳಿಯುವ ಎರಡು ಕ್ರಮಗಳು ಒಂದರ ಜಾಗದಲ್ಲಿ ಒಂದು ಬಂದಿರಬೇಕೆಂಬುದೇ ಮುಖ್ಯ ಶಂಕೆಯಾಯಿತು. ಚಾಲಕನ ಕೈ ತಪ್ಪಿತೆಂದರೆ ಸಾಲದು, ಆ ಕೈಯನ್ನು ಸುಲಭವಾಗಿ ತಪ್ಪಿಸುವಂತೆ ಹಲಗೆಯನ್ನು ರಚಿಸಿದವರು ಯಾರು ಎಂದೂ ಕೇಳಬೇಕೆಂಬುದು ಹೀಗೆ ಕ್ರಮೇಣ ಸ್ಪಷ್ಟವಾಯಿತು.

ಇನ್ನು ಮಂಗಳೂರು. ಬಜಪೆಯ ನಿಲ್ದಾಣ ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ್ದು. ಓಡುದಾರಿ ಮುಗಿದ ಮೇಲೆ ಕಣಿವೆ. 1981ರ ಆಗಸ್ಟ್ 19ರಂದು ಮಳೆಯಲ್ಲಿ ಇಳಿದ ಇಂಡಿಯನ್ ಏರ್‌ಲೈನ್ಸಿನ ವಿಮಾನವೊಂದು ಅಲ್ಲಿಯ ಹಳೆಯ ಓಡುದಾರಿಯನ್ನು ದಾಟಿ, ಅದರ ಅಂಚಿನಾಚೆಗೆ ನಿಂತಿತು. ಯಾರೂ ಸಾಯಲಿಲ್ಲ; ವಿಮಾನ ಮಾತ್ರ ಮತ್ತೆ ಕೆಲಸಕ್ಕೆ ಬರಲಿಲ್ಲ. 2006ರಲ್ಲಿ ಹೊಸದಾಗಿ, 2450 ಮೀಟರು ಉದ್ದದ ಇನ್ನೊಂದು ಓಡುದಾರಿ ಬಂದಿತು. 2010ರ ಮೇ 22ರ ಬೆಳಗಿನ ಆರು ಗಂಟೆಯ ಹೊತ್ತಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಇದರ ಮೇಲೆ ಇಳಿಯಿತು. ಇಳಿದದ್ದು ಎಲ್ಲಿ? ಓಡುದಾರಿಯ ಮೊದಲಿನಿಂದ ಸುಮಾರು 5200 ಅಡಿ ದಾಟಿದ ಮೇಲೆ. ಉಳಿದ ಉದ್ದ ಮೂರು ಸಾವಿರ ಅಡಿಗೂ ಕಡಿಮೆ. ವೇಗವನ್ನು ತಗ್ಗಿಸಲು ತೊಡಗಿದ ಚಾಲಕ, ನಡುವೆ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಯತ್ನಿಸಿದ. ಓಡುದಾರಿಯಾಚೆ ಇದ್ದ ಕಾಂಕ್ರೀಟಿನ ಕಟ್ಟೆಗೆ ರೆಕ್ಕೆ ಬಡಿದು ವಿಮಾನ ಕಣಿವೆಗೆ ಉರುಳಿತು. 166 ಮಂದಿಯಲ್ಲಿ 158 ಮಂದಿ ಮಡಿದರು. ಎಂಟು ಜನ ಉಳಿದರು. ಕೊಲ್ಲಿಯ ನಾಡುಗಳಲ್ಲಿ ದುಡಿದು ಮನೆಗೆ ಮರಳುತ್ತಿದ್ದವರು, ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದ ತಾಯಂದಿರು, ಕರಾವಳಿಯ ಮತ್ತು ಕಾಸರಗೋಡಿನ ಕಡೆಯವರು ಅವರಲ್ಲಿ ಬಹುಮಂದಿ.

ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದ ವಿಚಾರಣಾ ನ್ಯಾಯಾಲಯ ಧ್ವನಿಮುದ್ರಿಕೆಯನ್ನು ಕೇಳಿತು. ಎರಡು ಗಂಟೆ ಐದು ನಿಮಿಷದ ಆ ಮುದ್ರಣದಲ್ಲಿ ಮೊದಲಿನ ಒಂದು ಗಂಟೆ ನಲವತ್ತು ನಿಮಿಷ ಮುಖ್ಯ ಚಾಲಕನ ಮಾತೇ ಇಲ್ಲ, ಆತ ನಿದ್ರಿಸುತ್ತಿದ್ದ. ಎಚ್ಚರವಾದ ಮೇಲೆ ಇಳಿಯುವುದರಲ್ಲಿ ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಸಹಚಾಲಕ ಮೂರು ಸಲ ‘ಇಳಿಯುವುದು ಬೇಡ, ಮರಳಿ ಏರೋಣ’ ಎಂಬರ್ಥದ ಕರೆಯನ್ನು ಕೊಟ್ಟ. ಯಂತ್ರವೂ ಎಚ್ಚರಿಸಿತು. ಮುಖ್ಯ ಚಾಲಕ ಕೇಳಲಿಲ್ಲ. ಕಾರಣವನ್ನು ವರದಿ ಅಲ್ಲಿಯೇ ಕಂಡಿತು.

ಇಷ್ಟಾದ ಮೇಲೆ ಇದು ಮತ್ತೆ ನಡೆಯಬಾರದಾಗಿತ್ತು. 2012ರಲ್ಲಿ ವಿಮಾನಾಪಘಾತಗಳ ತನಿಖೆಗೆಂದೇ ಭಾರತದಲ್ಲಿ ಪ್ರತ್ಯೇಕ ಕಚೇರಿಯೊಂದು ಸ್ಥಾಪಿತವಾಯಿತು. ಆದರೂ 2020ರ ಆಗಸ್ಟ್ 7ರ ಮಳೆಯ ರಾತ್ರಿ ಕೋಳಿಕ್ಕೋಡಿನಲ್ಲಿ, ಬಜಪೆಯಂಥದೇ ಗುಡ್ಡದ ಮೇಲಿನ ಓಡುದಾರಿಯಲ್ಲಿ, ಅದೇ ಸಂಸ್ಥೆಯ ವಿಮಾನ ಅರ್ಧ ಓಡುದಾರಿಯನ್ನು ಕಳೆದು ಇಳಿದು, ಅಂಚಿನಾಚೆ ಬಿದ್ದು ಮೂರು ತುಂಡಾಗಿ ಮುರಿಯಿತು. 21 ಮಂದಿ ಸತ್ತರು. ಅಲ್ಲಿಯೂ ಸಹಚಾಲಕ ಮರಳಿ ಏರುವಂತೆ ಹೇಳಿದ್ದ. ಅಲ್ಲಿಯ ವರದಿ ಒಂದು ಹೆಜ್ಜೆ ಮುಂದೆ ಹೋಯಿತು: ಹೇಳಿದ ಮಾತು ನಡೆಯದಿದ್ದಾಗ ಸಹಚಾಲಕ ತಾನೇ ಹತೋಟಿಯನ್ನು ಕೈಗೆ ತೆಗೆದುಕೊಳ್ಳದಿದ್ದುದೂ ಕಾರಣದ ಒಂದು ಭಾಗವೆಂದಿತು.

ಈ ನಾಲ್ಕು ಪ್ರಕರಣಗಳು ಒಂದಕ್ಕೊಂದು ಹೋಲುವಂಥವಲ್ಲ. ಒಂದು ಪರೀಕ್ಷೆಯ ಹಾರಾಟ, ಮೂರು ಪ್ರಯಾಣದ ಹಾರಾಟ. ಎರಡು ಹಗಲಿನ ತಿಳಿ ಬೆಳಕಿನಲ್ಲಿ, ಒಂದು ಬೆಳಗಿನ ಜಾವದ ಆಯಾಸದಲ್ಲಿ, ಒಂದು ಇರುಳಿನ ಮಳೆಯಲ್ಲಿ. ಆದರೂ ಎಲ್ಲದರ ನಡುವೆ ಒಂದು ಗಳಿಗೆ ಸಮಾನವಾಗಿದೆ. ಅದು ಬಿಟ್ಟು ಹಿಂದಿರುಗಬಹುದಾಗಿದ್ದ ಗಳಿಗೆ. ಬಿಡದಿಯ ಮೇಲೆ ಮೊದಲ ಯತ್ನ ಸೋತ ಗಳಿಗೆ. ಬೆಂಗಳೂರಿನಲ್ಲಿ ‘ನಾನೂರು’ ಎಂದ ಗಳಿಗೆ. ಮಂಗಳೂರಿನಲ್ಲಿಯೂ ಕೋಳಿಕ್ಕೋಡಿನಲ್ಲಿಯೂ ಪಕ್ಕದವನು ಬೇಡವೆಂದ ಗಳಿಗೆ. ವಿಮಾನ ಇಳಿಸುವುದನ್ನು ಕೈಬಿಟ್ಟು ಮರಳಿ ಏರಿ ಒಂದು ಸುತ್ತು ಹಾಕಿ ಬರುವುದು ಕಲಿಯುವ ಹುಡುಗನಿಗೂ ಮೊದಮೊದಲೇ ಹೇಳಿಕೊಡುವ ಪಾಠ. ವಿದ್ಯೆ ಇಲ್ಲದೆ ಈ ಅಪಘಾತಗಳಾಗಲಿಲ್ಲ. ಗೊತ್ತಿದ್ದ ವಿದ್ಯೆ ಆ ಗಳಿಗೆಯಲ್ಲಿ ಕೈಗೆ ಬರಲಿಲ್ಲ.

ಏಕೆ ಬರಲಿಲ್ಲ? ಕನ್ನಡದ ಮೇಷ್ಟರಿಗೆ ತೋರುವ ಕಾರಣವೊಂದನ್ನು ಇಲ್ಲಿ ಹೇಳಬಹುದು. ವಿಮಾನದ ತಜ್ಞರು ಕ್ಷಮಿಸಬೇಕು. ಹಿಂದೆಗೆಯುವುದನ್ನು ನಾವು ಎಂದೂ ಗೌರವಿಸಿದವರಲ್ಲ. ನಮ್ಮ ಹಳ್ಳಿಹಳ್ಳಿಗಳಲ್ಲಿ ನಿಂತ ವೀರಗಲ್ಲುಗಳು ಮುಂದೆ ನುಗ್ಗಿ ಮಡಿದವರವು. ಕುಮಾರವ್ಯಾಸನ ಕಾವ್ಯದಲ್ಲಿ ಉತ್ತರಕುಮಾರ ಕೌರವಸೇನೆಯನ್ನು ಕಂಡು ರಥದಿಂದಿಳಿದು ಓಡಿದಾಗ ಐದು ಶತಮಾನಗಳಿಂದ ನಾವು ನಕ್ಕಿದ್ದೇವೆ. ಇದರ ಜೊತೆಗೆ ಹಿರಿಯರ ಮುಂದೆ ದನಿ ತಗ್ಗಿಸುವುದು ನಮಗೆ ಸೌಜನ್ಯ. ಮನೆಯಲ್ಲಿ ಅಜ್ಜನ ಲೆಕ್ಕ ತಪ್ಪಿದ್ದರೆ ‘ತಪ್ಪು’ ಎನ್ನುವುದಿಲ್ಲ, ‘ಇನ್ನೊಂದು ಸಲ ನೋಡಬಹುದೇನೋ’ ಎನ್ನುತ್ತೇವೆ. ಕಚೇರಿಯಲ್ಲಿಯೂ ತರಗತಿಯಲ್ಲಿಯೂ ಹಾಗೆಯೇ. ಹೆಚ್ಚಿನ ಕಡೆ ಇದರಿಂದ ಬದುಕು ಹಿತವಾಗಿ ಸಾಗುತ್ತದೆ. ಆದರೆ ಓಡುದಾರಿ ಮುಗಿಯುತ್ತಿರುವಾಗ ಆ ‘ಏನೋ’ ಎಂಬ ಎರಡಕ್ಷರಕ್ಕೆ ಎಡೆಯಿಲ್ಲ. ಇದು ನಮ್ಮೊಬ್ಬರದೇ ದೋಷವೆಂದು ಭಾವಿಸಬೇಕಾಗಿಲ್ಲ. ಮಂಗಳೂರಿನ ಮುಖ್ಯ ಚಾಲಕ ಸರ್ಬಿಯಾ ದೇಶದವನು. ಕಿರಿಯನ ಮಾತು ಹಿರಿಯನ ಕಿವಿಗೆ ಬೀಳದಿರುವುದು ಎಲ್ಲ ನಾಡುಗಳ ರೋಗ; ಆದುದರಿಂದಲೇ ಚಾಲಕರಿಗೆ ಪರಸ್ಪರ ಎದುರಾಡಲು ಕಲಿಸುವ ಶಿಕ್ಷಣ ಲೋಕದಾದ್ಯಂತ ಕಡ್ಡಾಯವಾಯಿತು.

ಧೈರ್ಯವನ್ನು ಒಬ್ಬ ವ್ಯಕ್ತಿಯಿಂದಲೇ ಬೇಡುವುದೂ ನ್ಯಾಯವಲ್ಲ. ಮರಳಿ ಏರಿದರೆ ಎಣ್ಣೆ ಹೆಚ್ಚು ಸುಡುತ್ತದೆ, ಹೊತ್ತು ತಪ್ಪುತ್ತದೆ, ಪ್ರಯಾಣಿಕರು ಗೊಣಗುತ್ತಾರೆ. ಪರೀಕ್ಷೆಯನ್ನು ಅರ್ಧದಲ್ಲಿ ಬಿಟ್ಟು ಬಂದರೆ ಯೋಜನೆ ಹಿಂದೆ ಬೀಳುತ್ತದೆ. ಇಂಥ ಗಳಿಗೆಯಲ್ಲಿ ಚಾಲಕನ ಮನಸ್ಸಿನಲ್ಲಿ ‘ಕೆಳಗೆ ಇಳಿದ ಮೇಲೆ ಯಾರು ಏನನ್ನುವರೋ’ ಎಂಬ ಯೋಚನೆ ಬಂದರೆ, ಆ ಯೋಚನೆಯನ್ನು ಅಲ್ಲಿ ಇಟ್ಟವರು ನೆಲದ ಮೇಲಿನವರು. ಮರಳಿ ಏರಿದ ಚಾಲಕನನ್ನು ದಂಡಿಸಕೂಡದೆಂಬುದು ಇಂದು ವಿಮಾನಯಾನದ ಒಪ್ಪಿತ ನೀತಿ. ಒಳ್ಳೆಯ ನೀತಿ, ಅದು ಕಾಗದದಿಂದ ಮನಸ್ಸಿಗೆ ಇಳಿಯಬೇಕು.

ಸಾರಸದ ಕಥೆ ಬಿಡದಿಯಲ್ಲಿ ಮುಗಿಯಲಿಲ್ಲ. ಬಹುಕಾಲ ನಿಂತಿದ್ದ ಯೋಜನೆಗೆ ಮತ್ತೆ ಜೀವ ಬಂದು, ತಿದ್ದಿ ಸುಧಾರಿಸಿದ ಮಾದರಿ 2018ರ ಜನವರಿ 24ರಂದು ಬೆಂಗಳೂರಿನ ಮೇಲೆ ಹಾರಿ ಕ್ಷೇಮವಾಗಿ ಇಳಿಯಿತು. ಮೂವರು ಸತ್ತು ಕಲಿಸಿದ ಪಾಠ ಅದರ ಕಡತಗಳಲ್ಲಿ ಸೇರಿರಬೇಕು. ನಮ್ಮ ಮಂಡಕಳ್ಳಿಯ ನಿಲ್ದಾಣದಲ್ಲಿಯೂ ಹಗುರ ವಿಮಾನಗಳ ಮೇಲೆ ಹುಡುಗರು ಹುಡುಗಿಯರು ಹಾರಾಟವನ್ನು ಕಲಿತಿದ್ದಾರೆ. ಜಯಲಕ್ಷ್ಮೀಪುರದ ಮಹಡಿಗಳಲ್ಲಿ ಬಟ್ಟೆ ಹರವುವವರು ಆ ಪುಟ್ಟ ಎಂಜಿನಿನ ಗುಂಯ್‌ಗುಟ್ಟುವಿಕೆಯನ್ನು ಕೇಳಿ ಕತ್ತೆತ್ತಿ ನೋಡಿರಬಹುದು.

ಇತಿಹಾಸದ ಪುಸ್ತಕಗಳಲ್ಲಿ ಬಿದ್ದ ವಿಮಾನಗಳಿಗೆ ತಾರೀಖುಗಳಿವೆ, ವರದಿಗಳಿವೆ, ನ್ಯಾಯಮೂರ್ತಿಗಳ ಹೆಸರುಗಳಿವೆ. ಇಳಿಯಲು ಬಂದು, ಏಕೋ ಸರಿಯಿಲ್ಲವೆಂದು ಮರಳಿ ಏರಿ, ಒಂದು ಸುತ್ತು ಹಾಕಿ ಬಂದು ನೆಮ್ಮದಿಯಾಗಿ ಇಳಿದ ಸಾವಿರಾರು ವಿಮಾನಗಳಿಗೆ ಇತಿಹಾಸವೇ ಇಲ್ಲ. ಅವುಗಳಲ್ಲಿದ್ದ ಪ್ರಯಾಣಿಕರು ಹತ್ತು ನಿಮಿಷ ತಡವಾಯಿತೆಂದು ಬೇಸರಪಟ್ಟು, ಪೆಟ್ಟಿಗೆಯನ್ನು ಹಿಡಿದು ಮನೆಗೆ ಹೋದರು. ಆ ಬೇಸರಕ್ಕೆ ಯಾರೂ ಕಲ್ಲು ನೆಡಿಸಿಲ್ಲ.